ಮೈಕ್ ಹಿಡಿದು ಹಣ ಕೇಳುವ ಇಪ್ಪತ್ತು ನಿಮಿಷ

ಸೇವಾ ಸಂಸ್ಥೆಗಳವರು ನನ್ನನ್ನು ಕರೆಯುವುದು ಸಾಮಾನ್ಯವಾಗಿ ಕಾರ್ಯಕ್ರಮಕ್ಕೆ ವಾರ ಇರುವಾಗ. ಅಷ್ಟರಲ್ಲಿ ಹಾಲ್ ಬುಕ್ ಆಗಿರುತ್ತದೆ. ಇನ್ವಿಟೇಶನ್ ಅಚ್ಚಾಗಿರುತ್ತದೆ. ಊಟದವರಿಗೆ ಅಡ್ವಾನ್ಸ್ ಹೋಗಿರುತ್ತದೆ. "ಕೊನೆಯಲ್ಲಿ ಒಂದಿಪ್ಪತ್ತು ನಿಮಿಷ ಮೈಕ್ ಹಿಡಿದು ದಾನ ಕೇಳಿಬಿಡಿ ಸಾರ್, ನಮಗೆ ಕೇಳೋಕೆ ನಾಚಿಕೆ" ಎನ್ನುತ್ತಾರೆ. ನಾಚಿಕೆ ಅರ್ಥವಾಗುತ್ತದೆ. ಆದರೆ ಸಭೆಯಲ್ಲಿ ಎಷ್ಟು ಹಣ ಬರುತ್ತದೆ ಎಂಬುದು ಮೈಕ್ ಹಿಡಿದವನ ಮಾತಿನ ಮೇಲೆ ನಿಂತಿಲ್ಲ. ಮುಕ್ಕಾಲು ಪಾಲು ಕೆಲಸ ಆ ಹೊತ್ತಿಗೆ ಮುಗಿದಿರಬೇಕು.

ಬೆಂಗಳೂರಿನ ದೊಡ್ಡ ಹೋಟೆಲ್‌ನಲ್ಲಿ ನಡೆಯುವ ದಾನದ ಸಂಜೆಗೂ ನಮ್ಮ ಹಾಸನ, ಚಿಕ್ಕಮಗಳೂರಿನ ಸಭೆಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಇಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಮುಂದಿನ ಸಾಲಿನವರು ಹಿಂದಿನ ಸಾಲಿನವರಿಗೆ ಬೀಗರು. ಇಬ್ಬರು ಪಕ್ಕದ ಪಕ್ಕದ ತೋಟದವರು, ಬೇಲಿಗಾಗಿ ಕೋರ್ಟಿನಲ್ಲಿ ಕೇಸು ನಡೆಯುತ್ತಿರುತ್ತದೆ. ಯಾರಿಗೆ ಎಷ್ಟು ಎಕರೆ, ಯಾರಿಗೆ ಎಷ್ಟು ಸಾಲ ಎಂಬುದೂ ತಕ್ಕಮಟ್ಟಿಗೆ ಬಾಯಿಪಾಠ. ಇಂಥ ಕಡೆ ವೇದಿಕೆಯಿಂದ ಹೆಸರು ಹಿಡಿದು "ನಮ್ಮ ಗೌಡರು ಒಂದು ಲಕ್ಷ ಕೊಡ್ತಾರೆ ಅಂತ ನಂಬಿದ್ದೀನಿ" ಎಂದರೆ ಗೌಡರು ಕೈ ಎತ್ತೇ ಎತ್ತುತ್ತಾರೆ. ಚಪ್ಪಾಳೆಯೂ ಬೀಳುತ್ತದೆ. ಹಣ ಮಾತ್ರ ಬರುವುದಿಲ್ಲ. ಬಂದರೂ ಮುಂದಿನ ವರ್ಷ ಗೌಡರು ಬರುವುದಿಲ್ಲ. ಮೊದಲೇ ಒಪ್ಪದವರ ಹೆಸರನ್ನು ಮೈಕಿನಲ್ಲಿ ಹೇಳಬಾರದು. ಈ ಒಂದು ವಿಷಯದಲ್ಲಿ ನಾನು ಯಾವ ಅಧ್ಯಕ್ಷರ ಮಾತನ್ನೂ ಕೇಳುವುದಿಲ್ಲ.

ದಿನ ಆರಿಸುವಾಗ ಪಂಚಾಂಗದ ಜೊತೆ ತೋಟವನ್ನೂ ನೋಡಬೇಕು. ನವೆಂಬರ್‌ನಿಂದ ಜನವರಿವರೆಗೆ ಅರೇಬಿಕಾ ಕಾಫಿ ಕೊಯ್ಲು, ಅದರ ಬೆನ್ನಿಗೇ ರೋಬಸ್ಟಾ. ಆಗ ತೋಟದವರ ತಲೆಯಲ್ಲಿ ಆಳು, ಕಣ, ಮೋಡ ಬಿಟ್ಟರೆ ಬೇರೇನೂ ಇರುವುದಿಲ್ಲ. ಖರ್ಚು ಹೋಗುತ್ತಿರುತ್ತದೆ, ಹಣ ಇನ್ನೂ ಬಂದಿರುವುದಿಲ್ಲ. ಆಷಾಢದಲ್ಲಿ ಮದುವೆ ಇಲ್ಲ, ಛತ್ರ ಸುಲಭವಾಗಿ ಸಿಗುತ್ತದೆ ಎಂದು ಕೆಲವರು ಆಸೆಪಡುತ್ತಾರೆ. ಮೂಡಿಗೆರೆ, ಕೊಪ್ಪದ ಕಡೆಯಿಂದ ಆ ಮಳೆಯಲ್ಲಿ ಯಾರು ಬರುತ್ತಾರೆ? ಹಾಸನದಲ್ಲಾದರೆ ಹಾಸನಾಂಬೆಯ ಬಾಗಿಲು ತೆರೆದಿರುವ ದಿನಗಳನ್ನೂ ಬಿಡಿ. ಊರೇ ಕ್ಯೂನಲ್ಲಿ ನಿಂತಿರುತ್ತದೆ. ನನ್ನ ಆಯ್ಕೆ ಮಾರ್ಚ್ ತಿಂಗಳ ಮೊದಲೆರಡು ವಾರ. ಕಾಫಿ ಹೂ ಅರಳಲು ಬೇಕಾದ ಹೂಮಳೆಯ ಆತಂಕ ಆಗಲೂ ಇರುತ್ತದೆ, ಆದರೆ ಒಂದಷ್ಟು ಕಾಫಿ ಮಾರಾಟವಾಗಿರುತ್ತದೆ. ಅಂದಹಾಗೆ, 2024-25ರಲ್ಲಿ ಕಾಫಿ ರೇಟು ದಾಖಲೆ ಮಟ್ಟಕ್ಕೆ ಏರಿದಾಗ "ಈ ಸಲ ದಾನಕ್ಕೆ ಚಿಂತೆಯಿಲ್ಲ" ಎಂದುಕೊಂಡವರು ಬಹಳ. ರೇಟು ಏರಿದ ವರ್ಷ ಹಳೇ ಸಾಲ ತೀರುತ್ತದೆ, ಮನೆಗೆ ಹೊಸ ಹೆಂಚು ಬರುತ್ತದೆ. ಕೇಳದೆ ದಾನ ಬರುವುದಿಲ್ಲ.

ಈಗ ಸಂಜೆಯ ವಿಷಯ. ಐದೂವರೆಗೆ ಎಂದು ಅಚ್ಚು ಹಾಕಿಸಿದ ಕಾರ್ಯಕ್ರಮ ಆರೂಕಾಲಿಗೆ ಶುರು. ಪ್ರಾರ್ಥನೆ, ಸ್ವಾಗತ, ದೀಪ, ಹಾರ, ಶಾಲು, ಮತ್ತೆ ಹಾರ. ಮುಖ್ಯ ಅತಿಥಿ ಇನ್ನೂ ದಾರಿಯಲ್ಲಿ. ಇದೆಲ್ಲ ಮುಗಿದು ದಾನ ಕೇಳುವಾಗ ಒಂಬತ್ತು ಗಂಟೆ, ಅರ್ಧ ಜನ ಚಪ್ಪಲಿ ಹುಡುಕುತ್ತಿರುತ್ತಾರೆ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆಯವರಿಗೆ ರಾತ್ರಿ ದಾರಿಯಲ್ಲಿ ಆನೆ ಎದುರಾಗುವ ಭಯ ಸುಮ್ನೆ ನೆಪವಲ್ಲ. ಅವರು ಹೊರಡುವ ಮೊದಲೇ ಕೇಳಬೇಕು. ಏಳು ಗಂಟೆಗೆ ಕಾರ್ಯಕ್ರಮ ಎಲ್ಲಿಗೇ ಬಂದಿರಲಿ, ಮನವಿ ಶುರು. ಅತಿಥಿ ತಡವಾಗಿ ಬಂದರೆ ಅವರ ಭಾಷಣ ಊಟಕ್ಕೆ ಮೊದಲು, ಮನವಿಯ ನಂತರ. ಕ್ಲಬ್ಬಿನಲ್ಲಿ ನಡೆಯುವ ಸಭೆಯಾದರೆ ಗ್ಲಾಸು ಬರುವ ಮೊದಲೇ ಮುಗಿಸಿ. ಗ್ಲಾಸಿನ ನಂತರ ಕೈಗಳು ಜಾಸ್ತಿ ಏಳುತ್ತವೆ ನಿಜ. ಆಮೇಲೆ ಆ ಹಣಕ್ಕೆ ಫೋನ್ ಮಾಡುವ ಹುಡುಗಿಯ ಪಾಡು ಯಾರಿಗೂ ಬೇಡ.

ಮನವಿಯ ಮೊದಲು ಒಂದೇ ಕಥೆ ಸಾಕು. ಮೂರು ನಿಮಿಷ. ಹಾಸಿಗೆ ಹಿಡಿದ ರೋಗಿಗಳ ಮನೆಗೆ ಹೋಗಿ ಆರೈಕೆ ಮಾಡುವ ಸಂಸ್ಥೆ ಎಂದುಕೊಳ್ಳಿ. ರೋಗಿಯನ್ನು ವೇದಿಕೆಗೆ ತರಬೇಡಿ. ಹಾಸ್ಟೆಲ್ ಮಕ್ಕಳನ್ನು ಸಾಲಾಗಿ ನಿಲ್ಲಿಸಿ "ಇವರಿಗೆ ಅಪ್ಪ ಇಲ್ಲ" ಎನ್ನುವುದಂತೂ ಬೇಡವೇ ಬೇಡ. ಸಣ್ಣ ಊರು ಇದು. ನಾಳೆ ಆ ಮಗು ಅಂಗಡಿಗೆ ಹೋದರೆ ಅಲ್ಲಿರುವವರು ಇದೇ ಸಭೆಯಲ್ಲಿ ಕೂತಿದ್ದವರು. ಮನೆಮನೆಗೆ ಹೋಗುವ ನರ್ಸ್ ಅಥವಾ ವ್ಯಾನಿನ ಡ್ರೈವರ್ ಮಾತಾಡಲಿ. ಹೆಸರು, ಊರು ಗುರುತು ಸಿಗದ ಹಾಗೆ. ಭಾಷಣ ಬರದವರ ಮಾತೇ ಜನಕ್ಕೆ ಹೆಚ್ಚು ತಾಕುತ್ತದೆ.

ಇನ್ನು ಕೇಳುವ ಕ್ರಮ. ನಮ್ಮ ಊರಿನ ನಿರೂಪಕರು ಗಣಪತಿ ಪೆಂಡಾಲಿನಲ್ಲಿ ಹಾರ, ಲಡ್ಡು ಸವಾಲು ಕೂಗಿ ಪಳಗಿದವರು. ಅಲ್ಲಿ ಕೆಳಗಿನಿಂದ ಮೇಲಕ್ಕೆ ಹೋಗುತ್ತಾರೆ, ಯಾಕೆಂದರೆ ಲಡ್ಡು ಒಂದೇ, ಸಿಗುವುದು ಒಬ್ಬರಿಗೇ. ದಾನದ ಸಭೆಯಲ್ಲಿ ಎಲ್ಲರೂ ಕೊಡಬೇಕು. ಇಲ್ಲಿ ಮೇಲಿನಿಂದ ಕೆಳಕ್ಕೆ ಇಳಿಯಬೇಕು. ಮೊದಲೇ ಸಾವಿರ ರೂಪಾಯಿ ಕೇಳಿದರೆ ಐವತ್ತು ಸಾವಿರ ಕೊಡಬಲ್ಲವರೂ ಸಾವಿರಕ್ಕೇ ಕೈ ಎತ್ತಿ ಕೂರುತ್ತಾರೆ. ಅವರ ಪಾಲಿಗೆ ಅಲ್ಲಿಗೆ ಮುಗಿಯಿತು. ಇನ್ನೂರು ಜನರ ಸಭೆಗೆ ನಾನು ಒಂದು ಲಕ್ಷದಿಂದ ಶುರು ಮಾಡಿ ಐವತ್ತು ಸಾವಿರ, ಇಪ್ಪತ್ತೈದು, ಹತ್ತು, ಐದು, ಒಂದು ಸಾವಿರಕ್ಕೆ ಇಳಿಯುತ್ತೇನೆ. ದಾನದ ಮೊತ್ತ ಬರೆದು ಕೊಡಲು ಜನರಿಗೆ ಹಂಚುವ ಕಾರ್ಡಿನಲ್ಲಿ 5,001, 1,001 ಎಂದೇ ಅಚ್ಚು ಹಾಕಿಸಿ. ಕೊನೆಗೆ ಸೊನ್ನೆ ಇರುವ ಮೊತ್ತ ನಮ್ಮ ಹಿರಿಯರ ಕೈಯಿಂದ ಬರುವುದಿಲ್ಲ, ಅಲ್ವಾ?

ಪ್ರತಿ ಮೆಟ್ಟಿಲಿಗೂ ಒಂದು ಅರ್ಥ ಇರಲಿ. ಇಷ್ಟು ಹಣ ಎಂದರೆ ವ್ಯಾನಿಗೆ ಇಷ್ಟು ದಿನದ ಡೀಸೆಲ್, ಇಷ್ಟು ಎಂದರೆ ಒಬ್ಬ ನರ್ಸ್‌ನ ಒಂದು ತಿಂಗಳ ಸಂಬಳ. ಈ ಲೆಕ್ಕ ನಿಮ್ಮ ಖರ್ಚಿನ ಪುಸ್ತಕದಿಂದಲೇ ಬರಬೇಕು. ವೇದಿಕೆ ಮೇಲೆ ಹೊಳೆದ ಲೆಕ್ಕ ಬೇಡ. ಸಭೆಯಲ್ಲಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಇರುತ್ತಾರೆ, ಬ್ಯಾಂಕಿನವರು ಇರುತ್ತಾರೆ. ಡೀಸೆಲ್ ಲೆಕ್ಕ ತಪ್ಪಾದರೆ ಅಲ್ಲೇ ಮುಗುಳ್ನಗುತ್ತಾರೆ.

ಮೊದಲ ಮೆಟ್ಟಿಲಲ್ಲಿ ಯಾರೂ ಕೈ ಎತ್ತದಿದ್ದರೆ ಸಭೆ ತಣ್ಣಗಾಗುತ್ತದೆ. ಅದಕ್ಕೇ ಅಧ್ಯಕ್ಷರು, ಕಾರ್ಯದರ್ಶಿಗಳು ಒಂದು ತಿಂಗಳು ಮೊದಲೇ ಮನೆಗಳಿಗೆ ಹೋಗಬೇಕು. ಕಾಫಿ ಕುಡಿದು, ನೇರವಾಗಿ ಕೇಳಬೇಕು. ಒಂದು ಲಕ್ಷಕ್ಕೆ ಒಬ್ಬರು, ಐವತ್ತು ಸಾವಿರಕ್ಕೆ ಇಬ್ಬರು ಒಪ್ಪಿದ್ದರೆ ಸಾಕು. "ಸಭೆಯಲ್ಲಿ ಕೈ ಎತ್ತುತ್ತೀರಾ, ಹೆಸರು ಹೇಳಬಹುದಾ?" ಎಂದು ಅಲ್ಲೇ ಒಪ್ಪಿಗೆ ಪಡೆಯಿರಿ. ಗಂಡನ ಹತ್ತಿರ ಮಾತ್ರ ಮಾತಾಡಿ ಬರಬೇಡಿ. ಮನೆಯಲ್ಲಿ ಇಂಥ ತೀರ್ಮಾನ ಇಬ್ಬರೂ ಸೇರಿ ಮಾಡುತ್ತಾರೆ, ಎಷ್ಟೋ ಕಡೆ ಹೆಂಡತಿಯೇ ಮಾಡುತ್ತಾರೆ. ಸುಳ್ಳು ದಾನಿಯನ್ನು ಕೂರಿಸಿ ಕೈ ಎತ್ತಿಸುವ ಉಪಾಯವನ್ನೂ ಕೆಲವರು ಹೇಳುತ್ತಾರೆ. ಆ ಸಲಹೆ ಬಂದ ಕಡೆ ನಾನು ಕೆಲಸ ಒಪ್ಪುವುದಿಲ್ಲ. "ನೀವೆಲ್ಲ ಕೊಟ್ಟಷ್ಟು ನಾನೂ ಕೊಡುತ್ತೇನೆ, ಎರಡು ಲಕ್ಷದವರೆಗೆ" ಎಂದು ಒಬ್ಬರು ಮುಂದೆ ಬಂದರೆ ಬಹಳ ಒಳ್ಳೆಯದು. ಆದರೆ ಹೇಗಿದ್ದರೂ ಎರಡು ಲಕ್ಷ ಕೊಡುವವರೇ ಆಗಿದ್ದರೆ ಷರತ್ತಿನ ನಾಟಕ ಬೇಡ.

ಮೊತ್ತ ಹೇಳಿದ ಮೇಲೆ ಸುಮ್ಮನಿರಬೇಕು. ಕಷ್ಟದ ಕೆಲಸ ಇದೇ. "ಐವತ್ತು ಸಾವಿರ" ಎಂದು ಹೇಳಿ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಬೇಕು. ನಮ್ಮ ನಿರೂಪಕರಿಗೆ ಮೌನ ಎಂದರೆ ಕರೆಂಟ್ ಹೋದಷ್ಟೇ ಗಾಬರಿ. ತಕ್ಷಣ ಒಂದು ವಚನ, ಒಂದು ಚುಟುಕು, ಒಂದು ಜೋಕು. ಜನ ಅಷ್ಟು ಹೊತ್ತೂ ಯೋಚಿಸುತ್ತಿರುತ್ತಾರೆ. ಪಕ್ಕದಲ್ಲಿ ಕೂತ ಹೆಂಡತಿಯ ಮುಖ ನೋಡುತ್ತಾರೆ, ಆಕೆ ತಲೆಯಾಡಿಸುತ್ತಾರೆ, ಆಮೇಲೆ ಕೈ ಏಳುತ್ತದೆ. ಇದಕ್ಕೆ ಸಮಯ ಬೇಕು. ಆರ್ಕೆಸ್ಟ್ರಾದವರಿಗೂ ಕೀಬೋರ್ಡ್ ಮುಟ್ಟಬೇಡಿ ಎಂದು ಮೊದಲೇ ಹೇಳಿಡಿ. ಸೌಂಡ್, ಲೈಟಿನವರಿಗೂ ಒಂದು ಮಾತು ಇದೆ. ಹಾಸನಾಂಬ ಕಲಾಕ್ಷೇತ್ರವಾಗಲಿ, ಕುವೆಂಪು ಕಲಾಮಂದಿರವಾಗಲಿ, ವೇದಿಕೆಗೆ ಬೆಳಕು ಬಿಟ್ಟು ಜನರನ್ನು ಕತ್ತಲಲ್ಲಿ ಕೂರಿಸಿದರೆ ಎತ್ತಿದ ಕೈ ಯಾರಿಗೂ ಕಾಣುವುದಿಲ್ಲ. ಮನವಿ ಶುರುವಾಗುವಾಗ ಜನ ಕೂತಿರುವ ಕಡೆಯ ಲೈಟು ಹಾಕಿಸಿ.

ಎತ್ತಿದ ಕೈಯನ್ನು ಬರೆದುಕೊಳ್ಳುವವರು ಮೈಕ್ ಹಿಡಿದವನಿಗಿಂತ ಮುಖ್ಯ. ಕಾಲೇಜು ಹುಡುಗರನ್ನು ಹಾಕಬೇಡಿ. ಅವರಿಗೆ ಮುಖ ಗೊತ್ತಿಲ್ಲ. ಊರಿನಲ್ಲಿ ಮದುವೆ ಮನೆಯ ಮುಯ್ಯಿ ಬರೆದು ಅಭ್ಯಾಸ ಇರುವವರು, ರಿಟೈರ್ ಆದ ಬ್ಯಾಂಕ್ ಗುಮಾಸ್ತರು, ಎಲ್‌ಐಸಿ ಏಜೆಂಟರು ಸಿಕ್ಕರೆ ಅದೃಷ್ಟ. ಸಭೆಯ ಒಂದೊಂದು ಭಾಗಕ್ಕೆ ಇಬ್ಬರು. ಒಬ್ಬರು ನೋಡಬೇಕು, ಒಬ್ಬರು ಬರೆಯಬೇಕು. ಹೆಂಗಸರು ಬೇರೆ ಸಾಲಿನಲ್ಲಿ ಕೂತಿದ್ದರೆ ಅಲ್ಲಿಗೂ ಇಬ್ಬರು, ಅವರಲ್ಲಿ ಒಬ್ಬರಾದರೂ ಹೆಂಗಸು. ಸ್ವಸಹಾಯ ಸಂಘದವರು ಎಲ್ಲರೂ ಸೇರಿ 5,001 ಬರೆಸಲು ಕೈ ಎತ್ತಿ ಎತ್ತಿ ಸುಸ್ತಾಗಿ ಇಳಿಸಿದ್ದನ್ನು ನಾನು ನೋಡಿದ್ದೇನೆ. ಕೊನೆಯ ಮೆಟ್ಟಿಲಲ್ಲಿ, ಅಂದರೆ ಸಾವಿರಕ್ಕೆ, ನಾನು ಕೈ ಎತ್ತಿಸುವುದಿಲ್ಲ. "ಕಾರ್ಡಿನಲ್ಲಿ ನಿಮಗೆ ಅನುಕೂಲವಾದಷ್ಟು ಬರೆದು ಕೊಡಿ" ಎನ್ನುತ್ತೇನೆ. ಖಾಲಿ ಕಾರ್ಡ್ ಮಡಿಸಿ ಕೊಟ್ಟರೂ ಯಾರಿಗೂ ಗೊತ್ತಾಗಬಾರದು.

ತೆರಿಗೆಯ ಮಾತು ಬಾರದೆ ಇಂಥ ಸಭೆ ಮುಗಿಯುವುದಿಲ್ಲ. "80ಜಿ ಇದೆ", ಅಂದರೆ ಕೊಟ್ಟ ದಾನಕ್ಕೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಇದೆ, ಎಂದು ಬ್ಯಾನರಿನಲ್ಲಿ ದೊಡ್ಡದಾಗಿ ಬರೆಸುತ್ತಾರೆ. ನಮ್ಮ ಕಡೆ ಅದಕ್ಕೆ ಅಷ್ಟೇನೂ ಬೆಲೆಯಿಲ್ಲ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡ ಸಂಬಳದವರಿಗೆ ಈ ರಿಯಾಯಿತಿ ಸಿಗುವುದಿಲ್ಲ. ಉಳಿದವರಿಗೂ 2,000 ರೂಪಾಯಿ ಮೀರಿದ ನಗದು ದಾನಕ್ಕೆ ಇಲ್ಲ. ಅಕ್ಕಿ ಮೂಟೆ, ಕಾಫಿ ಮೂಟೆ ಕೊಟ್ಟರೂ ಇಲ್ಲ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಾಗಿ ಸೆಕ್ಷನ್ ನಂಬರುಗಳೇ ಬದಲಾಗಿವೆ, ಜನರ ಬಾಯಲ್ಲಿ ಮಾತ್ರ 80ಜಿ ಉಳಿದಿದೆ. ಕೇಳಿದವರಿಗೆ ಸರಿಯಾಗಿ ಹೇಳಲು ಒಬ್ಬರನ್ನು ಇಟ್ಟುಕೊಳ್ಳಿ. ಮನವಿಯ ನಡುವೆ ತರಬೇಡಿ.

ಸಂಸ್ಥೆಯವರು ತಿಳಿಯಬೇಕಾದ ಕಾನೂನು ಬೇರೆಯೇ ಇದೆ. "ನನ್ನ ಹೆಸರು ಹೇಳಬೇಡಿ, ಗುಪ್ತ ದಾನ" ಎನ್ನುವವರು ನಮ್ಮಲ್ಲಿ ಜಾಸ್ತಿ. ಮೈಕಿನಲ್ಲಿ ಹೇಳಬೇಡಿ, ಆದರೆ ಪುಸ್ತಕದಲ್ಲಿ ಹೆಸರು, ವಿಳಾಸ ಬರೆಯಲೇಬೇಕು. ದಾನಿಯ ಗುರುತು ದಾಖಲಾಗದ ಹಣ ವರ್ಷಕ್ಕೆ 1 ಲಕ್ಷ ರೂಪಾಯಿ ಅಥವಾ ಒಟ್ಟು ದಾನದ ಶೇ 5, ಇವೆರಡರಲ್ಲಿ ಯಾವುದು ಜಾಸ್ತಿಯೋ ಅದನ್ನು ದಾಟಿದರೆ, ದಾಟಿದ ಹಣಕ್ಕೆ ಶೇ 30 ತೆರಿಗೆ ಬೀಳುತ್ತದೆ. ಬಾಗಿಲಲ್ಲಿ ಹುಂಡಿ ಇಡುವವರು ಇದನ್ನು ನೆನಪಿಡಬೇಕು. ಒಂದೇ ಸಂದರ್ಭಕ್ಕೆ ಒಬ್ಬರಿಂದ 2 ಲಕ್ಷ ಅಥವಾ ಅದಕ್ಕೂ ಜಾಸ್ತಿ ನಗದು ತೆಗೆದುಕೊಳ್ಳುವ ಹಾಗಿಲ್ಲ. ಅಮೆರಿಕದಲ್ಲಿರುವ ಮಗನ ಹೆಸರಿನಲ್ಲಿ ಬರುವ ದಾನದ ವಿಷಯ ಇನ್ನೂ ಸೂಕ್ಷ್ಮ. ಮಗನ ಕೈಯಲ್ಲಿ ಇನ್ನೂ ಭಾರತದ ಪಾಸ್‌ಪೋರ್ಟ್ ಇದ್ದು, ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ತೊಂದರೆಯಿಲ್ಲ. ಅಲ್ಲಿನ ಪೌರತ್ವ ಪಡೆದಿದ್ದರೆ ಅದು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಇಲ್ಲದ ಸಂಸ್ಥೆ ಅದನ್ನು ಮುಟ್ಟಬಾರದು. ಸಭೆಯ ಉತ್ಸಾಹದಲ್ಲಿ ಅಪ್ಪ "ನನ್ನ ಮಗನ ಕಡೆಯಿಂದ ಒಂದು ಲಕ್ಷ" ಎಂದು ಕೂಗುತ್ತಾರೆ. ಬರೆದುಕೊಳ್ಳುವವರು ಆ ಹೆಸರಿನ ಮುಂದೆ ಒಂದು ಗುರುತು ಹಾಕಲಿ, ವಿಚಾರಿಸಿ ಆಮೇಲೆ ಹಣ ಪಡೆಯಲಿ.

ಕ್ಯೂಆರ್ ಕೋಡ್ ಪ್ರತಿ ಸಾಲಿಗೂ ಇಡಿ, ಖಾತೆ ಸಂಸ್ಥೆಯ ಹೆಸರಿನಲ್ಲೇ ಇರಲಿ. ಹಿಂದಿನ ದಿನ ಅದೇ ಹಾಲ್‌ನೊಳಗೆ ನಿಂತು ಎಲ್ಲ ಕಂಪನಿಯ ಸಿಮ್ಮಿನಲ್ಲೂ ಒಂದೊಂದು ರೂಪಾಯಿ ಕಳಿಸಿ ನೋಡಿ. ಸಿಗ್ನಲ್ ಇಲ್ಲದಿದ್ದರೆ ಕಾರ್ಡೇ ಗತಿ. ಯುಪಿಐಗೆ ಸಾಮಾನ್ಯವಾಗಿ ದಿನಕ್ಕೆ ಒಂದು ಲಕ್ಷದ ಮಿತಿ ಇರುವುದರಿಂದ ದೊಡ್ಡ ಮೊತ್ತಕ್ಕೆ ಚೆಕ್ ಅಥವಾ ಬ್ಯಾಂಕ್ ವರ್ಗಾವಣೆ ಎಂದು ಕಾರ್ಡಿನಲ್ಲೇ ಇರಲಿ.

ಕಾರ್ಡಿನಲ್ಲಿ ಹೆಸರು, ವಿಳಾಸ, ಫೋನ್, ಪ್ಯಾನ್, ಮೊತ್ತದ ಜೊತೆಗೆ "ಯಾವಾಗ" ಎಂಬ ಜಾಗವೂ ಬೇಕು. ಅಲ್ಲಿ "ಈಗಲೇ", "ಈ ತಿಂಗಳಲ್ಲಿ", "ಕಾಫಿ ಮಾರಿದ ಮೇಲೆ" ಎಂದು ಮೂರು ಚೌಕ. ಮೂರನೆಯದನ್ನು ನೋಡಿ ಹೊರಗಿನವರು ನಗುತ್ತಾರೆ. ನಮ್ಮವರು ಅದಕ್ಕೇ ಗುರುತು ಹಾಕುತ್ತಾರೆ, ಮಾರಿದ ಮೇಲೆ ಕೊಡುತ್ತಾರೆ. ಮಾರನೆಯ ಬೆಳಿಗ್ಗೆ ಎಲ್ಲರಿಗೂ ಧನ್ಯವಾದದ ಫೋನ್ ಹೋಗಬೇಕು. ಆ ಫೋನಿನಲ್ಲಿ ಹಣದ ಮಾತು ಬೇಡ. ಅವರು ಹೇಳಿದ ಸಮಯ ಬಂದಾಗ ಒಂದು ಫೋನ್, ಹದಿನೈದು ದಿನ ಬಿಟ್ಟು ಇನ್ನೊಂದು. ಅದಕ್ಕೂ ಬಾರದಿದ್ದರೆ ನಾನು ಮತ್ತೆ ಮಾಡಿಸುವುದಿಲ್ಲ. ಆ ಹೆಸರನ್ನು ಬಾಕಿ ಪಟ್ಟಿಯಿಂದ ತೆಗೆದು, ಮುಂದಿನ ವರ್ಷದ ಇನ್ವಿಟೇಶನ್ ಮಾತ್ರ ತಪ್ಪದೆ ಕಳಿಸಲು ಹೇಳುತ್ತೇನೆ.