ಅಡಗಲು ಮನೆ ಸಿಕ್ಕರೆ ಸಾಕಿತ್ತಾ?

2025ರ ಜನವರಿಯಲ್ಲಿ ನೆದರ್ಲೆಂಡ್ಸ್‌ನ ಹಳೇ ಕಡತಗಳು ಮತ್ತೆ ಸುದ್ದಿಯಾದವು. ಜರ್ಮನ್ನರ ಜೊತೆ ಕೈಜೋಡಿಸಿದ ಅನುಮಾನದ ಮೇಲೆ ಎರಡನೇ ಮಹಾಯುದ್ಧದ ನಂತರ ತನಿಖೆಗೊಳಗಾದ ಸುಮಾರು 4,25,000 ಜನರ ಹೆಸರು ಆನ್‌ಲೈನಿಗೆ ಬಂತು. ಯಹೂದಿಗಳನ್ನು ಬಚ್ಚಿಟ್ಟು ಕಾಪಾಡಿದ ದೇಶ ಅಂತಲೇ ಹೆಸರಾದ ನಾಡಲ್ವಾ, ಗಲಿಬಿಲಿ ಸಹಜ.

ಶತಮಾನಗಳ ಕಾಲ ಯಹೂದಿಗಳು ಅಲ್ಲಿ ಹೆಚ್ಚುಕಮ್ಮಿ ನೆಮ್ಮದಿಯಾಗಿದ್ದರು. 1940ರ ಮೇನಲ್ಲಿ ಜರ್ಮನ್ ಸೇನೆ ನುಗ್ಗಿದಾಗ ಅವರ ಸಂಖ್ಯೆ ಸುಮಾರು 1,40,000. 1942ರ ಜುಲೈನಲ್ಲಿ ವೆಸ್ಟರ್‌ಬೋರ್ಕ್ ಶಿಬಿರದಿಂದ ಯಹೂದಿಗಳನ್ನು ತುಂಬಿಕೊಂಡು ಪೂರ್ವದ ಕೊಲೆ ಶಿಬಿರಗಳತ್ತ ರೈಲುಗಳು ಹೊರಡತೊಡಗಿದವು.

ಅಡಗುವುದು ಅಂದರೆ ಸುಮ್ನೆ ಅಟ್ಟ ಹತ್ತಿ ಕೂರುವುದಲ್ಲ. ಅದು ಬೆಟ್ಟವಿಲ್ಲದ, ದಟ್ಟ ಕಾಡಿಲ್ಲದ ದೇಶ. ಯಹೂದಿಗಳ ಗುರುತಿನ ಚೀಟಿಯಲ್ಲಿ ದೊಡ್ಡದಾಗಿ 'ಜೆ' ಅಕ್ಷರ ಒತ್ತಿರುತ್ತಿತ್ತು. ಚೀಟಿಯನ್ನು ನಕಲು ಮಾಡುವುದೂ ಕಷ್ಟ, ಅಷ್ಟು ಅಚ್ಚುಕಟ್ಟಾಗಿ ಮಾಡಿದ್ದರು. ರೇಷನ್ ಕೂಪನ್ ಇಲ್ಲದೆ ಬ್ರೆಡ್ ಸಿಗದು. ಒಬ್ಬರನ್ನು ಇಟ್ಟುಕೊಂಡರೆ ಒಂದು ಹೊಟ್ಟೆ ಜಾಸ್ತಿ, ಪಕ್ಕದ ಮನೆಯವರ ಕಣ್ಣು ಬೇರೆ. ಎಷ್ಟೋ ಕಡೆ ಊಟ, ಜಾಗಕ್ಕೆ ದುಡ್ಡು ಕೊಡಬೇಕಿತ್ತು. ದುಡ್ಡು ಮುಗಿದರೆ ಇನ್ನೊಂದು ಮನೆ ಹುಡುಕಬೇಕು. 1943ರಲ್ಲಿ ಹಿಡಿದುಕೊಟ್ಟವರಿಗೆ ತಲೆಗೆ ಏಳೂವರೆ ಗಿಲ್ಡರ್ (ಆಗಿನ ಡಚ್ ಹಣ) ಇನಾಮು ಸಿಗುತ್ತಿತ್ತು.

ಆಮ್‌ಸ್ಟರ್‌ಡ್ಯಾಮಿನಲ್ಲಿ ಸಿಕ್ಕಿಬಿದ್ದ ಯಹೂದಿಗಳನ್ನು ಒಂದು ನಾಟಕಶಾಲೆಯಲ್ಲಿ ಕೂಡಿಹಾಕುತ್ತಿದ್ದರು, ಮಕ್ಕಳನ್ನು ಎದುರಿನ ಶಿಶುವಿಹಾರದಲ್ಲಿ. ನಾಟಕಶಾಲೆಯ ಉಸ್ತುವಾರಿಯಲ್ಲಿದ್ದ ವಾಲ್ಟರ್ ಸೂಸ್ಕಿಂಡ್, ಶಿಶುವಿಹಾರದ ಮುಖ್ಯಸ್ಥೆ ಹೆನ್ರಿಯೆಟ್ ಪಿಮೆಂಟೆಲ್ ಮತ್ತು ಪಕ್ಕದ ಶಿಕ್ಷಕರ ತರಬೇತಿ ಶಾಲೆಯ ಯೋಹಾನ್ ಫಾನ್ ಹುಲ್ಸ್ಟ್ ಸೇರಿ ಆ ಮಕ್ಕಳನ್ನು ದಾಟಿಸಿದರು. ಟ್ರಾಂ ಬಂದು ನಿಂತು ಕಾವಲುಗಾರರಿಗೆ ಮರೆಯಾದಾಗ, ಚೀಲದಲ್ಲೋ ಬುಟ್ಟಿಯಲ್ಲೋ ಕೂಸು ಹೊರಗೆ! ಹೀಗೆ ಸುಮಾರು 600 ಮಕ್ಕಳು ಪಾರಾದರು. ಸೂಸ್ಕಿಂಡ್, ಪಿಮೆಂಟೆಲ್ ಇಬ್ಬರೂ ಉಳಿಯಲಿಲ್ಲ.

ದೇಶದಾದ್ಯಂತ ಅಡಗುವವರಿಗೆ ಮನೆ, ಕೂಪನ್ ಹೊಂದಿಸುವ ದೊಡ್ಡ ಜಾಲ ಬಲವಾಗಿದ್ದು 1943ರಲ್ಲಿ. ಆಗ ಡಚ್ ಗಂಡಸರನ್ನೇ ಜರ್ಮನಿಗೆ ದುಡಿಮೆಗೆ ಎಳೆಯುತ್ತಿದ್ದರು. ಅವರನ್ನು ಅಡಗಿಸಲು ಮನೆಮನೆಯ ಬಾಗಿಲು ತೆರೆಯಿತು. ಅಷ್ಟರಲ್ಲಿ ಹೆಚ್ಚಿನ ಯಹೂದಿಗಳು ರೈಲು ಹತ್ತಿಯಾಗಿತ್ತು. ಧೈರ್ಯ ಇತ್ತು, ಬಂದದ್ದು ತಡವಾಗಿ. ಅಡಗಿದ 25,000ಕ್ಕೂ ಹೆಚ್ಚು ಯಹೂದಿಗಳಲ್ಲಿ ಸುಮಾರು 16,000 ಜನ ಬದುಕಿದರು. ದೇಶದ ಯಹೂದಿಗಳಲ್ಲಿ ಒಟ್ಟು ಸತ್ತವರು ಸುಮಾರು 1,02,000.

ಹೊರಬಂದ ಮೇಲೂ ಗೋಳು ತಪ್ಪಲಿಲ್ಲ. ಅನಾಥ ಮಕ್ಕಳು ಸಾಕಿದವರ ಬಳಿ ಇರಬೇಕೋ, ಯಹೂದಿ ನೆಂಟರ ಬಳಿಯೋ ಎಂದು ವರ್ಷಗಟ್ಟಲೆ ಜಗ್ಗಾಟ ನಡೆಯಿತು. ಮನೆಯಲ್ಲಿ ಇಲ್ಲದ ಕಾಲದ ನೆಲಬಾಡಿಗೆ (ಮನೆ ನಿಂತ ಜಾಗದ ಬಾಡಿಗೆ) ಬಾಕಿಗೂ ಆಮ್‌ಸ್ಟರ್‌ಡ್ಯಾಮ್ ನಗರಸಭೆ ದಂಡ ಹಾಕಿತ್ತು. ಯುದ್ಧಕಾಲದಲ್ಲಿ ಸರ್ಕಾರ ನಡೆದುಕೊಂಡ ರೀತಿಗೆ ಅದರ ಪರವಾಗಿ ಪ್ರಧಾನಿ ಕ್ಷಮೆ ಕೇಳಿದ್ದು 2020ರಲ್ಲಿ.

ಈಗಿನ ಜಗಳ ಕಡತಗಳದ್ದು. 2025ರ ಜನವರಿಯಲ್ಲಿ ಆನ್‌ಲೈನಿಗೆ ಬಂದಿದ್ದು ಹೆಸರಿನ ಪಟ್ಟಿ ಮಾತ್ರ. ಒಳಗಿನ ಹಾಳೆಗಳಲ್ಲಿ ಆರೋಪ ಹೊತ್ತವರಷ್ಟೇ ಅಲ್ಲ, ಸಾಕ್ಷಿ ಹೇಳಿದವರೂ, ಸಿಕ್ಕಿಬಿದ್ದವರೂ ಇದ್ದಾರೆ. ಅವನ್ನು ಎಲ್ಲರೆದುರು ಬಿಚ್ಚಿಡಬೇಕೇ ಎಂಬ ಬಗ್ಗೆ ಮೊಮ್ಮಕ್ಕಳಲ್ಲೇ ಒಮ್ಮತವಿಲ್ಲ.