ಮೂಳೆಗೆ ಹುಟ್ಟಿದ ದಿನ ಗೊತ್ತಿಲ್ಲ

ನನ್ನ ಹುಟ್ಟಿದ ದಿನ ಜೂನ್ 1. ನಮ್ಮಣ್ಣನದೂ ಜೂನ್ 1. ವಿಜಯಪುರದ ಕಡೆ ನಮ್ಮ ಓಣಿಯಲ್ಲಿ ಅರ್ಧ ಮಂದಿ ಹುಟ್ಟಿದ್ದು ಅವತ್ತೇ! ಶಾಲೆಗೆ ಸೇರಿಸಲು ಹೋದಾಗ ಹೆಡ್ ಮಾಸ್ತರು, "ಬಲಗೈ ತಲಿ ಮ್ಯಾಲಿಂದ ಹಾಕಿ ಎಡಗಿವಿ ಮುಟ್ಟು" ಅನ್ನುತ್ತಿದ್ದರು. ಮುಟ್ಟಿದರೆ ಒಂದನೇ ಕ್ಲಾಸು. ಮುಟ್ಟದಿದ್ದರೆ ಮುಂದಿನ ವರ್ಷ ಬಾ. ತಾರೀಖಿನ ಜಾಗದಲ್ಲಿ ಶಾಲೆ ಶುರುವಾಗುವ ದಿನವನ್ನೇ ಬರೆದು ಕೈ ತೊಳೆದುಕೊಳ್ಳುತ್ತಿದ್ದರು.

ನಗಬೇಡಿ, ಆ ಕಿವಿ ಪರೀಕ್ಷೆಯಲ್ಲೂ ವಿಜ್ಞಾನ ಇದೆ. ಹುಟ್ಟಿದ ಕೂಸಿನ ತಲೆ ಅದರ ಒಟ್ಟು ಉದ್ದದ ಕಾಲು ಭಾಗದಷ್ಟಿರುತ್ತೆ. ದೊಡ್ಡವರಲ್ಲಿ ಅದು ಸುಮಾರು ಎಂಟನೇ ಒಂದು ಭಾಗ. ತಲೆ ಬೇಗ ಬೆಳೆದು ನಿಲ್ಲುತ್ತೆ, ಕೈಕಾಲು ಮುಂದೆಯೂ ಉದ್ದ ಆಗುತ್ತಾ ಹೋಗುತ್ತವೆ. ಆರರ ಆಸುಪಾಸಿನಲ್ಲಿ ಕೈ ಕಿವಿಗೆ ಎಟಕುತ್ತೆ. ಒಂದು ವರ್ಷ ಆಚೀಚೆ ಆದರೆ ಮಾಸ್ತರ ಗಂಟೇನೂ ಹೋಗುತ್ತಿರಲಿಲ್ಲ.

ಆದರೆ ಆ ಒಂದು ವರ್ಷದ ಮೇಲೇ ಒಬ್ಬನ ಕೊರಳು ನಿಂತಿದ್ದರೆ?

ಪುಣೆಯಲ್ಲಿ ನಮ್ಮ ಮನೆ ಯೆರವಡಾ ಜೈಲಿನಿಂದ ಜಾಸ್ತಿ ದೂರ ಇಲ್ಲ. ಮಹಾರಾಷ್ಟ್ರದಲ್ಲಿ ಗಲ್ಲು ಹಾಕುವ ಏರ್ಪಾಡು ಇರುವುದು ಇಲ್ಲಿ ಮತ್ತು ನಾಗಪುರದಲ್ಲಿ. 2012ರ ನವೆಂಬರ್ 21ರಂದು ಕಸಬ್‌ನನ್ನು ಗಲ್ಲಿಗೇರಿಸಿದ್ದು ಇಲ್ಲೇ. 2009ರಲ್ಲಿ ಅವನ ವಿಚಾರಣೆ ಶುರುವಾದಾಗ, ಇವನಿಗಿನ್ನೂ ಹದಿನೆಂಟು ತುಂಬಿಲ್ಲ ಅಂತ ವಕೀಲರು ವಾದಿಸಿದ್ದರು. ಮೂಳೆ, ಹಲ್ಲು ಎಲ್ಲ ಪರೀಕ್ಷೆ ಮಾಡಿದ ವೈದ್ಯರು ಇಪ್ಪತ್ತು ದಾಟಿದೆ ಅಂದರು. ವಾದ ಅಲ್ಲಿಗೇ ಮುಗಿಯಿತು.

ಎಕ್ಸ್-ರೇ ನೋಡಿ ವಯಸ್ಸು ಹೇಗೆ ಹೇಳುತ್ತಾರೆ? ನನಗೆ ಇದು ಗೊತ್ತಾಗಿದ್ದು ಮಗನಿಂದ. ಹದಿನೈದರ ಹುಡುಗ, ಕ್ರಿಕೆಟ್ ಆಡುವಾಗ ಬಿದ್ದು ಮಣಿಕಟ್ಟು ಊದಿಸಿಕೊಂಡು ಬಂದ. ಎಕ್ಸ್-ರೇ ಬೆಳಕಿಗೆ ಹಿಡಿದು ನೋಡಿದರೆ ಮಣಿಕಟ್ಟಿನ ಹತ್ತಿರ ಮೂಳೆಗೆ ಅಡ್ಡವಾಗಿ ಒಂದು ಕಪ್ಪು ಗೆರೆ. ಮುರಿದೇ ಹೋಯಿತು ಅಂದುಕೊಂಡೆ. ಡಾಕ್ಟರು ಧಾರವಾಡದವರು, ನಕ್ಕುಬಿಟ್ಟರು. "ಮುರದಿಲ್ರೀ. ಹುಡುಗ ಇನ್ನೂ ಬೆಳೀಲಿಕ್ಕೆ ಹತ್ತ್ಯಾನ, ಅದರ ಗೆರಿ ಅದು."

ಅದು ಗ್ರೋತ್ ಪ್ಲೇಟ್. ಮೂಳೆಯ ತುದಿ ಮತ್ತು ಕಾಂಡದ ನಡುವೆ ಮೆತ್ತನೆಯ ಒಂದು ಪದರ. ಮೂಳೆ ಉದ್ದ ಆಗುವುದು ಅಲ್ಲಿಂದಲೇ. ಅದರಲ್ಲಿ ಸುಣ್ಣದ ಅಂಶ ಕಡಿಮೆ, ಅದಕ್ಕೇ ಎಕ್ಸ್-ರೇಯಲ್ಲಿ ಕಪ್ಪಾಗಿ ಕಾಣುತ್ತೆ. ಹರೆಯದಲ್ಲಿ ಈಸ್ಟ್ರೋಜನ್ ಹಾರ್ಮೋನು ಏರಿದ ಹಾಗೆ ಆ ಪದರ ಗಟ್ಟಿ ಮೂಳೆಯಾಗಿ ಬೆಸೆದುಕೊಳ್ಳುತ್ತೆ. ಹೌದು, ಗಂಡುಹುಡುಗರಲ್ಲೂ ಈ ಕೆಲಸ ಅದರದ್ದೇ. ಹುಡುಗಿಯರಲ್ಲಿ ಬೇಗ, ಹುಡುಗರಲ್ಲಿ ತಡ. ಎಲ್ಲ ಮೂಳೆಯಲ್ಲೂ ಒಟ್ಟಿಗೆ ಆಗುವುದಿಲ್ಲ. ಮೊಣಕೈ ಮೊದಲು, ಮಣಿಕಟ್ಟು ಆಮೇಲೆ. ಕಾಲರ್ ಬೋನು ಎದೆಮೂಳೆಗೆ ಸೇರುವ ತುದಿ ಎಲ್ಲಕ್ಕಿಂತ ಕೊನೆಗೆ, ಇಪ್ಪತ್ತು ದಾಟಿದ ಮೇಲೆ. ಯಾವುದು ಬೆಸೆದಿದೆ, ಯಾವುದು ಇಲ್ಲ ಅಂತ ನೋಡಿ ವಯಸ್ಸು ಅಂದಾಜು ಮಾಡುತ್ತಾರೆ.

"ಹಂಗಾದ್ರ ಇದನ್ನ ನೋಡಿ ಇವನ ವಯಸ್ಸು ಹೇಳ್ತೀರೇನ್ರಿ?" ಅಂದೆ.

"ಹದಿನಾಲ್ಕೂ ಅನ್ನಬಹುದು, ಹದಿನಾರೂ ಅನ್ನಬಹುದು. ಅಪ್ಪ ನೀವು, ನೀವೇ ಹೇಳ್ರಿ."

1982ರಲ್ಲೇ ಸುಪ್ರೀಂ ಕೋರ್ಟು, ಎಕ್ಸ್-ರೇ ಹೇಳುವ ವಯಸ್ಸಿನಲ್ಲಿ ಎರಡೂ ಕಡೆ ಎರಡೆರಡು ವರ್ಷ ಹೆಚ್ಚುಕಡಿಮೆ ಇರಬಹುದು ಅಂದಿತ್ತು. ಅಲ್ಲದೆ ಜಗತ್ತಿನ ತುಂಬ ಬಳಸುವ ಮಣಿಕಟ್ಟಿನ ಒಂದು ಚಿತ್ರಕೋಶ ಇದೆಯಲ್ಲ, ಗ್ರೂಲಿಕ್ ಮತ್ತು ಪೈಲ್ ಅವರದು, ಅದು ತಯಾರಾಗಿದ್ದು ಅಮೆರಿಕದ ಸ್ಥಿತಿವಂತರ ಮನೆಯ ಬಿಳಿಯ ಮಕ್ಕಳ ಎಕ್ಸ್-ರೇಗಳಿಂದ. ಹೊಟ್ಟೆ ತುಂಬ ಉಣ್ಣದ ಹುಡುಗನ ಮೂಳೆ ಹಿಂದೆ ಬೀಳಬಹುದು, ಹರೆಯ ಬೇಗ ಬಂದವನ ಮೂಳೆ ಮುಂದೆ ಓಡಬಹುದು.

ಇನ್ನೊಂದು ಕೊರತೆ ಇದೆ. ನನಗೆ ಅದೇ ದೊಡ್ಡದು. ಎಲ್ಲ ಗೆರೆ ಮುಚ್ಚಿದ ಮೇಲೆ ಈ ಗಡಿಯಾರ ನಿಂತುಬಿಡುತ್ತೆ. 1994ರಲ್ಲಿ ಪುಣೆಯ ಒಂದು ಮನೆಯಲ್ಲಿ ಐವರು ಹೆಂಗಸರು, ಇಬ್ಬರು ಮಕ್ಕಳ ಕೊಲೆಯಾಯಿತು. ಸಿಕ್ಕಿಬಿದ್ದವರಲ್ಲಿ ರಾಜಸ್ಥಾನದಿಂದ ಬಂದಿದ್ದ ಒಬ್ಬನನ್ನು ವಯಸ್ಕ ಅಂತಲೇ ವಿಚಾರಣೆ ಮಾಡಿ ಮರಣದಂಡನೆ ಕೊಟ್ಟರು. 2000ದಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಎಷ್ಟೋ ವರ್ಷಗಳ ಮೇಲೆ ಜೈಲಿನಲ್ಲಿದ್ದವನ ವಯಸ್ಸು ಪರೀಕ್ಷೆ ಮಾಡಿದಾಗ ವೈದ್ಯರ ವರದಿ ಏನು ಹೇಳಿತು ಗೊತ್ತಾ? 22ಕ್ಕಿಂತ ಜಾಸ್ತಿ, 40ಕ್ಕಿಂತ ಕಡಿಮೆ. ವೈದ್ಯರದು ತಪ್ಪಲ್ಲ. ಮುಚ್ಚಿದ ಮೂಳೆ ಅಷ್ಟೇ ಹೇಳಬಲ್ಲದು.

ಕೊನೆಗೆ ಮಾತಾಡಿದ್ದು ಬಿಕಾನೇರ್ ಕಡೆಯ ಶಾಲೆಯ ರಿಜಿಸ್ಟರು. ಅದರಲ್ಲಿದ್ದ ಹೆಸರು ಕೂಡ ಕೋರ್ಟಿನ ಕಡತದ ಹೆಸರಿಗಿಂತ ಬೇರೆ. ಕೊಲೆ ನಡೆದ ದಿನ ಅವನಿಗೆ ಹನ್ನೆರಡು ವರ್ಷ ಆರು ತಿಂಗಳು ಅಂತ 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಒಪ್ಪಿ ಅವನನ್ನು ಬಿಟ್ಟಿತು. ಅಷ್ಟೊತ್ತಿಗೆ ಜೈಲಿನಲ್ಲಿ 28 ವರ್ಷ ಕಳೆದಿತ್ತು. ಆ ವಯಸ್ಸಿನ ಬಾಲಾಪರಾಧಿಗೆ ಕಾನೂನು ಹೇಳುವುದು ಹೆಚ್ಚೆಂದರೆ ಮೂರು ವರ್ಷ. ಹನ್ನೆರಡರ ಹುಡುಗ ಇಂಥ ಕೊಲೆ ಮಾಡಿಯಾನೇ ಅಂತ ನ್ಯಾಯಾಧೀಶರಿಗೂ ಆಘಾತವಾಗಿತ್ತು. ಆದರೂ ಆ ಆಘಾತ ತೀರ್ಪಿಗೆ ಅಡ್ಡ ಬರಬಾರದು ಅಂದರು.

2015ರ ಬಾಲನ್ಯಾಯ ಕಾಯ್ದೆಯ 94ನೇ ಕಲಮಿನಲ್ಲಿ ಶಾಲೆಯ ದಾಖಲೆಗೆ ಮೊದಲ ಸಾಲು. ಆಮೇಲೆ ಜನನ ಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ನನ್ನಂಥ ಜೂನ್ 1ರವರಿಗೆ ಇದು ತಮಾಷೆ ಅನಿಸುತ್ತೆ. ಕಿವಿ ಮುಟ್ಟಿಸಿ ಬರೆದ ತಾರೀಖು ಎಕ್ಸ್-ರೇಗಿಂತ ಮೇಲೆ! ಆದರೆ ಯೋಚಿಸಿದರೆ ಸರಿಯೇ ಇದೆ. ಮಾಸ್ತರು ತಪ್ಪಿದರೂ ಒಂದು ವರ್ಷ ತಪ್ಪಿಯಾರು, ಆ 22ರಿಂದ 40ರ ವರದಿಯ ಹಾಗೆ ಹದಿನೆಂಟು ವರ್ಷ ಅಲ್ಲ.

ಹರೆಯದ ಹುಡುಗರ ತಲೆಯೊಳಗಿನ ಲೆಕ್ಕವೂ ಬೇರೆ. ಮುಂದಿನದನ್ನು ಯೋಚಿಸಿ ಕೈ ಹಿಡಿದು ನಿಲ್ಲಿಸುವ ಮಿದುಳಿನ ಮುಂಭಾಗ ಇಪ್ಪತ್ತು ದಾಟಿದರೂ ಮಾಗುತ್ತಲೇ ಇರುತ್ತೆ. 2005ರಲ್ಲಿ ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು ಒಂದು ಕಾರು ಓಡಿಸುವ ಆಟ ಆಡಿಸಿ ನೋಡಿದರು. ಗೆಳೆಯರು ಪಕ್ಕದಲ್ಲಿದ್ದಾಗ ಹುಡುಗರು ಜಾಸ್ತಿ ಅಪಾಯಕ್ಕೆ ಕೈ ಹಾಕಿದರು. ದೊಡ್ಡವರು ಗೆಳೆಯರಿದ್ದರೂ ಇಲ್ಲದಿದ್ದರೂ ಒಂದೇ ಥರ ಆಡಿದರು.

ಮೊನ್ನೆ ನಮ್ಮ ಬೀದಿಯ ಕಟ್ಟಡದ ಹತ್ತಿರ ಯಾದಗಿರಿ ಕಡೆಯ ಒಬ್ಬ ಹುಡುಗ ಇಟ್ಟಿಗೆ ಹೊರುತ್ತಿದ್ದ. ಮೀಸೆ ಇನ್ನೂ ಮೂಡಿರಲಿಲ್ಲ. ಕನ್ನಡ ಕೇಳಿ ನಿಂತೆ.

"ಎಷ್ಟು ವಯಸ್ಸೋ ತಮ್ಮಾ?"

"ಹದಿನೆಂಟ್ರಿ."

"ಖರೇ ಹೇಳು."

ನಕ್ಕ. "ಯಾರ್ ಕೇಳಿದ್ರೂ ಹದಿನೆಂಟು ಅನ್ನು ಅಂತ ಮುಕಾದಮ್ ಹೇಳ್ಯಾನ್ರಿ."

"ಹಂಗಾದ್ರ ಖರೇ ಎಷ್ಟು?"

"ನನಗೇನ್ ಗೊತ್ರಿ. ನಮ್ಮವ್ವಗ ಗೊತ್ತಿರಬೇಕು," ಅಂದು ಇಟ್ಟಿಗೆ ಬುಟ್ಟಿ ತಲೆಗೇರಿಸಿಕೊಂಡು ಮೆಟ್ಟಿಲು ಹತ್ತಿದ.