ಬೀಳದೆ ಇದ್ದರೂ ಫಿಟ್ಸಾ?

"ಎಂಟು ವರ್ಷದ ಮಗಳು ಊಟದ ಮಧ್ಯೆ ಹತ್ತು ಸೆಕೆಂಡು ಎಲ್ಲೋ ನೋಡುತ್ತಾ ಕೂತುಬಿಡುತ್ತಾಳೆ. ಬೀಳುವುದಿಲ್ಲ, ನೊರೆ ಬರುವುದಿಲ್ಲ. ಇದೂ ಫಿಟ್ಸಾ? ಕೈಗೆ ಕಬ್ಬಿಣ ಕೊಡಬೇಕಾ?" ಅಂತ ಸಕಲೇಶಪುರದ ತಾಯಿಯೊಬ್ಬರು ಕೇಳಿದ್ದಾರೆ.

ಫಿಟ್ಸ್ ಇರಬಹುದು. ಇದನ್ನು ಆಬ್ಸೆನ್ಸ್ ಅನ್ನುತ್ತಾರೆ. ಸುಮ್ನೆ ಯೋಚನೆಯಲ್ಲಿ ಮುಳುಗಿದ ಮಗು ಭುಜ ಮುಟ್ಟಿದರೆ ತಿರುಗುತ್ತದೆ, ಈ ಮಗು ತಿರುಗುವುದಿಲ್ಲ. ಆಮೇಲೆ ಏನೂ ಆಗದ ಹಾಗೆ ತುತ್ತು ಎತ್ತಿಕೊಳ್ಳುತ್ತದೆ. ಶಾಲೆಯಲ್ಲಿ "ಗಮನ ಇಲ್ಲ" ಅಂತ ಬೈಸಿಕೊಳ್ಳುವುದೂ ಇಂಥ ಮಕ್ಕಳೇ.

ಇನ್ನು ಕಬ್ಬಿಣ. ಎಷ್ಟು ಸಲ ಹೇಳಲಿ! ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬರು ಬಿದ್ದರೆ ಹತ್ತು ಜನ ಬೀಗದ ಕೈ ಹುಡುಕುತ್ತಾರೆ, ಒಬ್ಬರೂ ಗಡಿಯಾರ ನೋಡುವುದಿಲ್ಲ. ಬಿದ್ದು ಒದ್ದಾಡುವ ಫಿಟ್ಸ್ ಸಾಮಾನ್ಯವಾಗಿ ಒಂದರಿಂದ ಮೂರು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ. ಜೇಬು ತಡಕಿ, ಬೀಗದ ಕೈ ತೆಗೆದು, ಬಿಗಿದ ಮುಷ್ಟಿ ಬಿಡಿಸಿ ಒಳಗೆ ತುರುಕುವಷ್ಟರಲ್ಲಿ ಅಷ್ಟು ಹೊತ್ತು ಆಗಿರುತ್ತದೆ, ಹೆಸರು ಮಾತ್ರ ಕಬ್ಬಿಣಕ್ಕೆ. ತನ್ನ ಕೋಳಿ ಕೂಗಿದ್ದಕ್ಕೇ ಬೆಳಗಾಯಿತು ಅಂದುಕೊಂಡ ಅಜ್ಜಿಯ ಕಥೆ ಗೊತ್ತಲ್ವಾ, ಅದೇ ಇದು. ಮಿದುಳಿನೊಳಗಿನ ವಿದ್ಯುತ್ ಗಲಾಟೆ ಅಂಗೈಯ ಕಬ್ಬಿಣಕ್ಕೆ ಹೆದರುವುದಿಲ್ಲ. ಮಗ್ಗುಲಿಗೆ ಮಲಗಿಸಿ, ತಲೆ ಕೆಳಗೆ ಟವೆಲ್ ಇಡಿ, ಬಾಯಿಗೆ ಏನೂ ಹಾಕಬೇಡಿ, ನೀರು ಕೂಡ. ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ.

ಬೇರೆ ಬಗೆಗಳೂ ಇವೆ. ಕೆಲವರಿಗೆ ಒಂದೇ ಕೈ ಅದುರುತ್ತದೆ, ಪ್ರಜ್ಞೆ ಇರುತ್ತದೆ. ಕೆಲವರು ಬಾಯಿ ಚಪ್ಪರಿಸುತ್ತಾ ಅಂಗಿ ಗುಂಡಿ ಎಳೆಯುತ್ತಿರುತ್ತಾರೆ, ಕರೆದರೆ ಉತ್ತರವಿಲ್ಲ. ಅದಕ್ಕೆ ಮೈಮೇಲೆ ಬಂದಿದೆ ಅಂತ ನಿಂಬೆಹಣ್ಣು ಇಳಿ ತೆಗೆಯುವವರೂ ಇದ್ದಾರೆ. ಜಾತ್ರೆಯಲ್ಲಿ ರಾತ್ರಿಯೆಲ್ಲ ನಿದ್ದೆಗೆಟ್ಟ ಹುಡುಗನ ಕೈ ಬೆಳಗ್ಗೆ ಝಟ್ಟನೆ ಎಗರಿ ಕಾಫಿ ಲೋಟ ಹಾರಬಹುದು, ಅದೂ ಒಂದು ಬಗೆ. ಬಗೆ ಗೊತ್ತಾಗಬೇಕು, ಯಾಕೆಂದರೆ ಕೆಲವು ಫಿಟ್ಸ್‌ಗೆ ಒಳ್ಳೆಯದಾದ ಕಾರ್ಬಮಾಜೆಪಿನ್ ಮಾತ್ರೆ ಆಬ್ಸೆನ್ಸನ್ನು ಜಾಸ್ತಿ ಮಾಡಬಹುದು. ಮಗಳದ್ದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿ ನರರೋಗ ತಜ್ಞರಿಗೆ ತೋರಿಸಿ.

ನೀವು ಕೇಳಿಲ್ಲ, ಆದರೆ ಮನೆಯ ಹಿರಿಯರು ಕೇಳೇ ಕೇಳುತ್ತಾರೆ: ಮುಂದೆ ಮದುವೆ? ಹಿಂದೂ ವಿವಾಹ ಕಾಯ್ದೆಯಲ್ಲಿ ಮೊದಲು ಅಪಸ್ಮಾರ ಒಂದು ಅಡ್ಡಿಯಾಗಿತ್ತು. 1999ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಿದರು. ಅಷ್ಟಕ್ಕೂ ಮಕ್ಕಳ ಆಬ್ಸೆನ್ಸ್ ಫಿಟ್ಸ್ ಬಹಳಷ್ಟು ಸಲ ಹದಿಹರೆಯದ ಹೊತ್ತಿಗೆ ನಿಂತೇ ಹೋಗುತ್ತದೆ.